ದುಡಿಯುವ ಹುಡುಗನಿಗೆ ಆಟವೇಕೆ?



ಹೊಟ್ಟೆಪಾಡಿಗಾಗಿ ಊರು ಬಿಟ್ಟ ಬಡ ಹುಡುಗನಿಗೆ ನಾವು ಏನನ್ನು ಕೊಡಬೇಕು? ಕೆಲಸ, ಊಟ, ಒಂದಿಷ್ಟು ಓದು ಎಂದು ನೀವು ಹೇಳುವಿರಿ. ಆಟವನ್ನೂ ಕೊಡಬೇಕೆಂದರೆ ಕೆಲವರಿಗಾದರೂ ಅದು ದುಂದುಗಾರಿಕೆಯಾಗಿ ಕಂಡೀತು. ಅಂದೋಲಾ ಭಾಗದ ನಮ್ಮ ಕುಟುಂಬಗಳಿಗೆ ಈ ಪ್ರಶ್ನೆ ದೂರದ್ದಲ್ಲ. ಜೇವರ್ಗಿ, ಅಫಜಲಪುರ, ಆಳಂದ ಸೀಮೆಯಿಂದ ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಗುಳೆ ಹೋಗುವವರಲ್ಲಿ ಹದಿಹರೆಯದವರೂ ಇದ್ದಾರೆ.

1990ರ ದಶಕದ ಆರಂಭದಲ್ಲಿ ನಾನು ಬೆಂಗಳೂರಿನಲ್ಲಿ ಗುರುವಿದ್ಯಾರ್ಥಿಯಾಗಿದ್ದೆ. ಆಗ ಎರಡು ವರ್ಷ, ಪ್ರತಿ ಭಾನುವಾರ ಸಂಜೆ, ಯುವಕರ ಕ್ಲಬ್ಬೊಂದರಲ್ಲಿ ಸೇವೆ ಸಲ್ಲಿಸಿದೆ. ಎರಡು ಕೇರಂ ಬೋರ್ಡು, ಒಂದು ವಾಲಿಬಾಲ್ ನೆಟ್ಟು, ಒಂದು ಹಾಜರಿ ಪುಸ್ತಕ, ಇಷ್ಟೇ ಅದರ ಆಸ್ತಿ. ಬರುತ್ತಿದ್ದವರು ಕಟ್ಟಡ ಕೆಲಸದ ಹುಡುಗರು. ಅವರಲ್ಲಿ ಹಲವರು ನಮ್ಮ ಜಿಲ್ಲೆಯವರೇ. ಕ್ಲಬ್ಬಿಗೆ ಧನಸಹಾಯ ಮಾಡುತ್ತಿದ್ದ ಹಿರಿಯರೊಬ್ಬರು ಒಮ್ಮೆ, "ಕೇರಂ ಆಡಿ ಯಾರು ಉದ್ಧಾರವಾದರು? ಒಂದು ಕಸುಬು ಕಲಿಸಿ" ಎಂದರು. ಅದು ನ್ಯಾಯವಾದ ಮಾತೇ ಆಗಿತ್ತು.

ಆ ದಿನಗಳಲ್ಲಿ ಜೇವರ್ಗಿ ಕಡೆಯ ಹುಡುಗನೊಬ್ಬ ಎರಡು ಭಾನುವಾರ ಬರಲಿಲ್ಲ. ಜೊತೆ ಆಡುತ್ತಿದ್ದವರೇ ಅವನನ್ನು ವಿಚಾರಿಸತೊಡಗಿದರು. ಕೆಲಸದ ಸ್ಥಳಕ್ಕೆ ಹೋಗಿ ಕೇಳಿದರೆ, "ಅವನ ಬದಲಿಗೆ ಬೇರೆ ಆಳು ಬಂದಾಗಿದೆ" ಎಂಬ ಉತ್ತರ ಬಂತು. ಹುಡುಗ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಜ್ವರದಿಂದ ಮೇಲೇಳಲಾಗದೆ ಮಲಗಿದ್ದ. ಆಸ್ಪತ್ರೆಗೆ ಸೇರಿಸಿದೆವು, ಬದುಕಿಕೊಂಡ. ಚೇತರಿಸಿಕೊಂಡ ಮೇಲೆ ಅವನು ಹೇಳಿದ್ದು ಇಷ್ಟೇ: "ಬ್ರದರ್, ಕೆಲಸದಾಗ ನನ್ನ ಹೆಸರು ಯಾರಿಗೂ ಗೊತ್ತಿಲ್ರಿ. ಇಲ್ಲಿ ಎಲ್ಲಾರಿಗೂ ಗೊತ್ತದರಿ."

ದುಡಿಮೆಯ ಲೆಕ್ಕದಲ್ಲಿ ಅವನು ಒಂದು ಆಳು. ಒಂದು ಆಳು ಹೋದರೆ ಇನ್ನೊಂದು ಸಿಗುತ್ತದೆ. ಆಟದ ಜೊತೆಗಾರ ಬಾರದಿದ್ದರೆ ಮಾತ್ರ "ಅವನೆಲ್ಲಿ?" ಎಂದು ಕೇಳುವವರಿರುತ್ತಾರೆ. ಯಾವ ಉಪಯೋಗಕ್ಕೂ ಅಲ್ಲದೆ, ತನಗಾಗಿಯೇ ಒಬ್ಬನನ್ನು ಬಯಸುವ ಸ್ಥಳ ಬಡವನಿಗೆ ಬೇಡವೇ? 13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಮಿತವಾದ ಆಟವಿನೋದವನ್ನು ಸದ್ಗುಣಗಳ ಸಾಲಿಗೆ ಸೇರಿಸಿದ್ದಾರೆ. ದೇಹಕ್ಕೆ ವಿಶ್ರಾಂತಿ ಬೇಕಾದಂತೆ ಆತ್ಮಕ್ಕೂ ಬೇಕೆಂಬುದು ಅವರ ವಾದ.

ಸಂತ ಜಾನ್ ಬೋಸ್ಕೊ 1841ರಲ್ಲಿ ಇಟಲಿಯ ಟುರಿನ್ ನಗರದಲ್ಲಿ ಒಟ್ಟುಗೂಡಿಸತೊಡಗಿದ್ದೂ ಹಳ್ಳಿಗಳಿಂದ ದುಡಿಯಲು ಬಂದ ಇಂಥ ಹುಡುಗರನ್ನೇ. ಗದ್ದಲ ಸಹಿಸದ ನೆರೆಹೊರೆಯವರ ದೂರುಗಳಿಂದ ಅವರ ಕೂಟ ಜಾಗದಿಂದ ಜಾಗಕ್ಕೆ ಅಲೆಯಿತು. 1846ರಲ್ಲಿ ವಾಲ್ಡೊಕ್ಕೊದ ಒಂದು ಶೆಡ್ಡಿನಲ್ಲಿ ನೆಲೆ ಕಂಡಿತು. ಅವರು ಆಟದಲ್ಲೇ ನಿಲ್ಲಲಿಲ್ಲ ಎಂಬುದನ್ನು ಗಮನಿಸಿ. ವಾರದ ದಿನಗಳಲ್ಲಿ ಹುಡುಗರು ದುಡಿಯುವಲ್ಲಿಗೇ ಹೋಗಿ ಕಂಡರು. 1850ರ ದಶಕದ ಆರಂಭದಲ್ಲಿ, ಕಸುಬು ಕಲಿಯುವ ಹುಡುಗರ ಪರವಾಗಿ ಯಜಮಾನರೊಡನೆ ಲಿಖಿತ ಕರಾರು ಮಾಡಿಸಿದರು. ಅವರ ಸಭೆಯ ಗುರುವಿದ್ಯಾರ್ಥಿಗಳೇ 1980ರಲ್ಲಿ ಬೆಂಗಳೂರಿನ ಬೀದಿಮಕ್ಕಳ ಸ್ನೇಹ ಬೆಳೆಸಿದರು. ಅದರಿಂದ 'ಬೋಸ್ಕೊ' ಸಂಸ್ಥೆ ಹುಟ್ಟಿತು.

ಹಾಗಾದರೆ ಆ ಹಿರಿಯರ ಮಾತು ತಪ್ಪೇ? ಅಲ್ಲ. ಕೂಲಿ ಸಿಗದವನಿಗೆ ಚೆಂಡನ್ನು ಕೊಟ್ಟು ಸಮಾಧಾನಪಡಿಸುವುದು ಸೇವೆಯಲ್ಲ, ವಂಚನೆ. ಆದರೆ ಅವನಿಗೆ ಕೂಲಿ ಸಿಕ್ಕಿಲ್ಲವೆಂದು ನಮಗೆ ತಿಳಿಯುವುದು ಹೇಗೆ? ಸಹಾಯ ಬೇಡುವವನು ನಮ್ಮೆದುರು ತಲೆ ತಗ್ಗಿಸುತ್ತಾನೆ; ಜೊತೆ ಆಡಿದವನು ತಲೆಯೆತ್ತಿ ತನ್ನ ಕಷ್ಟ ಹೇಳುತ್ತಾನೆ. ನಮ್ಮ ಕ್ಲಬ್ಬಿನಲ್ಲಿ ಬಾಕಿ ಕೂಲಿಯ ಎಷ್ಟೋ ಸಂಗತಿಗಳು ಹೊರಬಂದದ್ದು ಕೇರಂ ಬೋರ್ಡಿನ ಸುತ್ತಲೇ.

ಆದುದರಿಂದ ನಿಮ್ಮಲ್ಲಿ ನನ್ನದೊಂದು ವಿನಂತಿ. ದುಡಿಯಲು ಹೋದ ಮಗನಿಗೆ ಫೋನ್ ಮಾಡಿದಾಗ ಹಣ ಕಳಿಸಿದೆಯಾ ಎಂದು ಕೇಳುವ ಮುನ್ನ, ಭಾನುವಾರ ಯಾರೊಡನೆ ಕಳೆದೆ ಎಂದು ಕೇಳಿರಿ. ನಿಮ್ಮ ಊರಿಗೆ ಬೇರೆ ಸೀಮೆಯ ಹುಡುಗರು ಕೆಲಸಕ್ಕೆ ಬಂದಿದ್ದರೆ, ಸಂಜೆ ನಿಮ್ಮ ಮಕ್ಕಳು ಆಡುವ ಬಯಲಿಗೆ ಅವರನ್ನೂ ಹೆಸರು ಹಿಡಿದು ಕರೆಯಿರಿ.