ನೋವಿನ ಮಾತೂ ಸಾಕ್ಷ್ಯವೇ

2022ರ ನವೆಂಬರ್‌ನಲ್ಲಿ ಚೆನ್ನೈನ 17 ವರ್ಷದ ಫುಟ್‌ಬಾಲ್ ಆಟಗಾರ್ತಿಯೊಬ್ಬಳು ಮೊಣಕಾಲಿನ ಲಿಗಮೆಂಟ್ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಳು. ಬಿಗಿಯಾಗಿ ಕಟ್ಟಿದ ಬ್ಯಾಂಡೇಜಿನಿಂದ ಕಾಲಿಗೆ ರಕ್ತಸಂಚಾರ ಕುಂಠಿತವಾಗಿತ್ತು. ಕಾಲು ಕತ್ತರಿಸಿದರೂ ಜೀವ ಉಳಿಯಲಿಲ್ಲ. ತಮಿಳುನಾಡು ಸರ್ಕಾರ ಇಬ್ಬರು ವೈದ್ಯರನ್ನು ಅಮಾನತು ಮಾಡಿತು.

ಇಂಥ ಸಾವಿಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ: ಒಂದು ಹಣೆಬರಹ, ಇನ್ನೊಂದು ಡಾಕ್ಟರೇ ಕೊಂದರೆಂಬ ಆರೋಪ. ಎರಡೂ ವಿಚಾರಣೆಗೆ ಮೊದಲೇ ತೀರ್ಪು ಕೊಡುತ್ತವೆ. ಸೋಂಕು, ರಕ್ತ ಹೆಪ್ಪುಗಟ್ಟುವುದು, ಕೀಲು ಬಿಗಿಯುವುದು, ಜೋಡಿಸಿದ ಲಿಗಮೆಂಟ್ ಮತ್ತೆ ಹರಿಯುವುದು ನುರಿತ ವೈದ್ಯರ ಕೈಯಲ್ಲೂ ಆಗಬಹುದು. ಅಷ್ಟಕ್ಕೇ ಅವರನ್ನು ಅಪರಾಧಿಗಳೆನ್ನುವುದು ಅನ್ಯಾಯ. ಆದರೆ ತೊಡಕು ಉಂಟಾಗುವುದು ಬೇರೆ, ಅದು ಕಾಣುತ್ತಿದ್ದರೂ ನೋಡದಿರುವುದು ಬೇರೆ.

ಬ್ಯಾಂಡೇಜು ಬಿಗಿದು ಕಾಲಿನೊಳಗೆ ಒತ್ತಡ ಏರಿದಾಗ ನೋವು ಶಸ್ತ್ರಚಿಕಿತ್ಸೆಯ ನಂತರದ ಸಾಮಾನ್ಯ ನೋವಿನ ಅಳತೆಯನ್ನು ಮೀರುತ್ತದೆ. ಬೆರಳನ್ನು ಎಳೆದರೆ ಇನ್ನಷ್ಟು ಹೆಚ್ಚುತ್ತದೆ. ಕೆಲವೇ ಗಂಟೆಗಳಲ್ಲಿ ಸ್ನಾಯು ಚೇತರಿಸಿಕೊಳ್ಳಲಾಗದಷ್ಟು ಹಾಳಾಗುತ್ತದೆ. ಹಾಗಿರುವಾಗ ರೋಗಿಯ ನರಳಾಟವೇ ಮೊದಲ ಸಾಕ್ಷ್ಯ. ‘ಆಪರೇಷನ್ ಆದಮೇಲೆ ನೋವು ಇದ್ದೇ ಇರುತ್ತೆ’ ಎಂದು ಕಾಲು ಮುಟ್ಟಿ ನೋಡದೆ ಹೇಳುವುದು ಸಾಕ್ಷ್ಯವನ್ನು ತಳ್ಳಿಹಾಕಿದಂತೆ. ಜನರಲ್ ವಾರ್ಡಿನ ಬಡ ಹುಡುಗಿಯ ಮಾತಿಗೂ ವಿಶೇಷ ಕೋಣೆಯ ಶ್ರೀಮಂತನ ಮಾತಿಗೂ ಒಂದೇ ತೂಕವಿರಬೇಕು.

ರೋಗಿಯ ಮಾತು ಕೇಳುವುದಷ್ಟೇ ಸಾಲದು, ಶಸ್ತ್ರಚಿಕಿತ್ಸೆಗೆ ಮುನ್ನ ಅವರಿಗೆ ಅಪಾಯಗಳನ್ನು ಹೇಳಲೂ ಬೇಕು. ಅವನ್ನೆಲ್ಲ ಮೊದಲೇ ಹೇಳಿದರೆ ರೋಗಿ ಹೆದರುತ್ತಾನೆ ಎಂಬ ಆಕ್ಷೇಪವಿದೆ. ಆದರೆ ಚಿಕಿತ್ಸೆಯ ಸ್ವರೂಪ, ಪರ್ಯಾಯ, ಅಪಾಯಗಳನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಪರ್ಯಾಯವೂ ಬರಿಯ ಮಾತಲ್ಲ. ಮೊಣಕಾಲಿನ ಮುಂಭಾಗದ ಲಿಗಮೆಂಟ್ ಹರಿದ 121 ಯುವಜನರ ಮೇಲೆ ನಡೆದ ಸ್ವೀಡನ್ನಿನ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ವ್ಯಾಯಾಮದಿಂದ ಆರಂಭಿಸಿ, ಅಗತ್ಯಬಿದ್ದರಷ್ಟೇ ಶಸ್ತ್ರಚಿಕಿತ್ಸೆ ಎಂಬ ಗುಂಪಿನ 59 ಮಂದಿಯಲ್ಲಿ ಎರಡು ವರ್ಷಗಳೊಳಗೆ ಅದು ಬೇಕಾದದ್ದು 23 ಮಂದಿಗೆ. ಬೇಗನೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗಿಂತ ಈ ಗುಂಪಿನ ಫಲಿತಾಂಶ ಕಳಪೆಯಾಗಿರಲಿಲ್ಲ. ಶಸ್ತ್ರಚಿಕಿತ್ಸೆ ಯಾರಿಗೂ ಬೇಡ ಎಂದು ಇದರರ್ಥವಲ್ಲ. ಆಯ್ಕೆ ಇದೆ ಎಂಬುದನ್ನು ತಿಳಿಯುವ ಹಕ್ಕು ರೋಗಿಗಿದೆ.

ಪ್ರತಿ ರೋಗಿಯ ಕಾಲನ್ನೂ ಮುಟ್ಟಿ ನೋಡಲು ವಾರ್ಡುಗಳಲ್ಲಿ ಸಿಬ್ಬಂದಿ ಸಾಲದು ಎಂಬುದು ಇನ್ನೊಂದು ಆಕ್ಷೇಪ, ಮತ್ತು ಅದು ನಿಜ. ಆ ಕೊರತೆಗೆ ಹೊಣೆ ಸರ್ಕಾರವೇ ಹೊರತು ರೋಗಿಯಲ್ಲ. ಬೆರಳುಗಳ ಬಣ್ಣ, ಬಿಸಿ, ಸ್ಪರ್ಶಜ್ಞಾನವನ್ನು ನಿಗದಿತ ಹೊತ್ತಿಗೆ ನೋಡಿ ಬರೆದಿಡಲು ದುಬಾರಿ ಯಂತ್ರ ಬೇಕಿಲ್ಲ. ಅನುಮಾನ ಬಂದ ಕ್ಷಣ ಬ್ಯಾಂಡೇಜು ಸಡಿಲಿಸಿ ವೈದ್ಯರನ್ನು ಕರೆಸುವ ಅಧಿಕಾರ ರಾತ್ರಿ ಪಾಳಿಯ ನರ್ಸಿಗಿರಲಿ. ವೈದ್ಯರನ್ನು ಅಮಾನತು ಮಾಡುವುದು ಸಾವಾದ ಮೇಲಿನ ಕ್ರಮ. ಸಾವನ್ನು ತಡೆಯುವ ಕ್ರಮವನ್ನು ನಾವು ಪ್ರತಿ ಆಸ್ಪತ್ರೆಯಲ್ಲೂ ಕೇಳಿ ಪಡೆಯಬೇಕು.