ತಡೆಯುವ ಅಗುಳಿ

ಬೆಂಗಳೂರಿನಿಂದ ಹರಿಹರದತ್ತ ಸಾಗುವ ಹಳಿಯಿಂದ ಶಿವಮೊಗ್ಗೆಯ ದಾರಿ ಕವಲೊಡೆಯುವ ಬೀರೂರು ಸಣ್ಣ ಊರೇ ಆದರೂ, 1899ರಲ್ಲಿ ಆ ಶಾಖಾಮಾರ್ಗ ತೆರೆದಂದಿನಿಂದ ಜಂಕ್ಷನ್ನೆಂಬ ಹಿರಿಮೆಯನ್ನು ಹೊತ್ತಿದೆ. ಅಂಥ ಜಂಕ್ಷನ್ನುಗಳ ಹಳೆಯ ಏರ್ಪಾಟನ್ನು ನೆನೆದಾಗಲೆಲ್ಲ ಕರ್ಮಸ್ವಾತಂತ್ರ್ಯದ ಪ್ರಶ್ನೆ ನನ್ನೆದುರಿಗೆ ಬಂದು ನಿಲ್ಲುತ್ತದೆ.

ಕ್ಯಾಬಿನ್ನಿನಲ್ಲಿ ಸಾಲಾಗಿ ನಿಂತ ಲೀವರುಗಳಲ್ಲಿ ಕೆಲವು ಹಳಿ ಕವಲೊಡೆಯುವಲ್ಲಿ ದಾರಿ ಬದಲಿಸುವ ಪಾಯಿಂಟುಗಳನ್ನು ಹೊರಳಿಸುವಂಥವು, ಕೆಲವು ಸಿಗ್ನಲಿನ ಕೈಮರದ ತೋಳನ್ನು ಇಳಿಸುವಂಥವು. ಹಳಿ ಶಾಖೆಯ ಕಡೆಗೆ ಕೂಡಿರುವಾಗ ನೇರದಾರಿಯ ಕೈಮರವನ್ನು ಇಳಿಸಹೊರಟರೆ, ಎಷ್ಟು ಬಲವಂತನೇ ಎಳೆಯಲಿ, ಲೀವರು ಮಿಸುಕದು. ಒಳಗಿನ ಉಕ್ಕಿನ ಅಗುಳಿಯೊಂದು ಅದನ್ನು ಹಿಡಿದಿರುತ್ತದೆ. ತಂತಿ ಹರಿದರೋ, ತೋಳು ತನ್ನ ಪ್ರತಿಭಾರದಿಂದಲೇ ಮೇಲೆದ್ದು ಅಡ್ಡವಾಗಿ ನಿಂತು ಗಾಡಿಯನ್ನು ತಡೆಯುತ್ತದೆ. ಸಂದೇಹ ಬಂದಲ್ಲಿ ನಿಲ್ಲು ಎಂಬುದನ್ನು ಕಬ್ಬಿಣಕ್ಕೂ ಕಲಿಸಿದ್ದಾರೆ!

ಆದರೆ ತಪ್ಪೆಸಗಲು ಆಸ್ಪದವೇ ಇಲ್ಲದವನ ಸತ್ಕರ್ಮಕ್ಕೆ ಪುಣ್ಯವೆಲ್ಲಿಯದು? ಆಕ್ಷೇಪ ನ್ಯಾಯವಾದುದೇ. ಅದಕ್ಕೆ ಉತ್ತರವನ್ನು ನಾನು ಐರ್ಲೆಂಡಿನ ಅರ್ಮಾ ಎಂಬಲ್ಲಿ ಕಂಡಿದ್ದೇನೆ. 1889ರ ಜೂನ್ 12ರಂದು, ಮಕ್ಕಳು ತುಂಬಿದ್ದ ವಿಹಾರದ ಗಾಡಿಯೊಂದು ಏರಿನಲ್ಲಿ ಸೋತು ನಿಂತಿತು. ಅದನ್ನು ಎರಡಾಗಿ ಕಳಚಿ, ಹಿಂದಣ ಡಬ್ಬಿಗಳ ಗಾಲಿಗೆ ಕಲ್ಲು ಕೊಟ್ಟರು. ಅವು ಕಲ್ಲುಗಳನ್ನು ಮೀರಿ ಇಳಿಜಾರಿನಲ್ಲಿ ಹಿಮ್ಮುಖವಾಗಿ ಧಾವಿಸಿ, ಹಿಂದೆ ಬರುತ್ತಿದ್ದ ಗಾಡಿಗೆ ಅಪ್ಪಳಿಸಿದುವು. ಸುಮಾರು 80 ಮಂದಿ ಮಡಿದರು. ಎರಡು ಗಾಡಿಗಳ ನಡುವೆ ಕೆಲವು ನಿಮಿಷಗಳನ್ನು ಬಿಟ್ಟಿದ್ದರೇ ಹೊರತು, ಮುಂದಿನದು ದಾರಿಯನ್ನು ತೆರವು ಮಾಡಿತೇ ಎಂದು ತಿಳಿಯುವ ಉಪಾಯವನ್ನು ಯಾರೂ ಇರಿಸಿರಲಿಲ್ಲ. ಅದೇ ವರ್ಷ ಬ್ರಿಟನ್ನಿನ ಶಾಸನವು, ಹಳಿಯ ಒಂದು ಖಂಡದಲ್ಲಿ ಒಂದು ಸಲಕ್ಕೆ ಒಂದೇ ಗಾಡಿ ಎಂಬ ಕ್ರಮವನ್ನೂ ಪಾಯಿಂಟು ಕೈಮರಗಳ ಅಗುಳಿಯನ್ನೂ ಪ್ರಯಾಣಿಕರ ದಾರಿಗಳಿಗೆ ಕಡ್ಡಾಯಗೊಳಿಸಿತು.

ದೇವಋಣ, ಋಷಿಋಣ, ಪಿತೃಋಣಗಳೆಂದು ಹಿರಿಯರು ಎಣಿಸಿದ ಮೂರರೊಡನೆ ಇನ್ನೊಂದನ್ನು ಸೇರಿಸಬೇಕೆಂದು ನನಗನ್ನಿಸುತ್ತದೆ: ಯಾರ ಮರಣದಿಂದ ನಮ್ಮನ್ನು ಕಾಯುವ ನಿಯಮ ಹುಟ್ಟಿತೋ, ಹೆಸರರಿಯದ ಅವರ ಋಣ. ಅಗುಳಿ ಕೈಯನ್ನು ತಡೆದಾಗ, ಲೀವರು ಎಳೆಯುವ ಪಾಯಿಂಟ್ಸ್‌ಮನ್ನನ ಸ್ವಾತಂತ್ರ್ಯಕ್ಕೆ ಕುಂದಿಲ್ಲ. ಆ ಮಕ್ಕಳು ಅವನ ಮುಂಗೈಯನ್ನು ಹಿಡಿದುಕೊಂಡಿದ್ದಾರೆ. ಅಗುಳಿಯೇ ಕೆಟ್ಟ ಮಳೆಯ ರಾತ್ರಿ, ಅವನು ಲಾಂದ್ರ ಹಿಡಿದು ಹಳಿಯ ಬಳಿಗೆ ನಡೆದು, ಪಾಯಿಂಟನ್ನು ಬಿಗಿದು ಬೀಗ ಹಾಕಬೇಕು. ಆಗ ತಡೆಯುವವರಾರೂ ಇಲ್ಲ. ಆಗ ಅವನು ಬೀಗವನ್ನು ಎರಡನೆಯ ಬಾರಿ ಎಳೆದು ನೋಡುವನೆ? ಪುಣ್ಯದ ಪ್ರಶ್ನೆ ಇರುವುದು ಅಲ್ಲಿ.

ಏಕಹಳಿಯ ದಾರಿಗಳಲ್ಲಿ ಬಹುಕಾಲ ನಡೆದುಬಂದ ಇನ್ನೊಂದು ಕ್ರಮವೂ ಇದೇ ಋಣದ್ದು. ಸ್ಟೇಷನ್ ಮಾಸ್ತರು ಯಂತ್ರದಿಂದ ತೆಗೆದ ಉಕ್ಕಿನ ಚೆಂಡೊಂದನ್ನು, ಬೆತ್ತದ ಬಳೆಗೆ ಕಟ್ಟಿದ ಚರ್ಮದ ಚೀಲದಲ್ಲಿಟ್ಟು, ಡ್ರೈವರಿಗೆ ಕಳುಹಿಸುತ್ತಿದ್ದರು. ಮುಂದಿನ ನಿಲ್ದಾಣದಲ್ಲಿ ಅದು ಮತ್ತೆ ಯಂತ್ರದೊಳಕ್ಕೆ ಬೀಳುವವರೆಗೆ ಇನ್ನೊಂದು ಚೆಂಡು ಎರಡು ಕಡೆಯಲ್ಲೂ ಹೊರಬರುತ್ತಿರಲಿಲ್ಲ.