ಅಪರೂಪದ ಗಡ್ಡೆಯೂ ಮುಂದಾಲೋಚನೆಯ ಧರ್ಮವೂ

ಮನುಷ್ಯನಿಗೆ ಬರುವ ಬೇನೆಗಳಲ್ಲಿ ಕೆಲವು ಊರೆಲ್ಲಾ ಬಲ್ಲವುಗಳು. ಚಳಿಜ್ವರ ಬಂದರೆ ಏನು ಮಾಡತಕ್ಕದ್ದೆಂದು ನೆರೆಮನೆಯ ಮುದುಕಿಯೂ ಹೇಳುವಳು. ನಮ್ಮ ಜಿಲ್ಲೆಯ ಮಂಗನ ಕಾಯಿಲೆಯು 1957ರಲ್ಲಿ ಕ್ಯಾಸನೂರಿನ ಕಾಡಿನ ಬಳಿಯಲ್ಲಿ ಮೊದಲು ಗುರುತಿಸಲ್ಪಟ್ಟಾಗ ಎಲ್ಲರಿಗೂ ಹೊಸದಾಗಿತ್ತು. ಈಗ ಅದು ಉಣ್ಣೆಯ ಕಡಿತದಿಂದ ಬರುವದೆಂದು ಸಣ್ಣ ಹುಡುಗರೂ ಬಲ್ಲರು. ಆದರೆ ವೈದ್ಯನು ಪರೀಕ್ಷೆಯ ಕಾಗದವನ್ನು ಓದಿ, ಊರಿನಲ್ಲಿ ಯಾರೂ ಎಂದೂ ಕೇಳದ ಒಂದು ಗಡ್ಡೆಯ ಹೆಸರನ್ನು ಹೇಳುವಾಗ ಮನೆಯವರ ಗತಿ ಏನು? ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಹಳ್ಳಿಗಳಲ್ಲಿ ಅಂಥ ಮನೆಗಳು ಇಲ್ಲವೆನ್ನಲಾಗದು. ಇಂಥಲ್ಲಿ ಕೆಲವರು, “ಕೇಡಿಗಾಗಿ ಸಿದ್ಧಮಾಡಿಕೊಳ್ಳುವದು ಕೇಡನ್ನು ಕರೆದಂತೆಯೇ, ನಂಬಿಕೆಯುಳ್ಳವನು ಮುಂದಿನದನ್ನು ಎಣಿಸಬಾರದು” ಅನ್ನುತ್ತಾರೆ. ಈ ಮಾತು ಸರಿಯೋ ಎಂಬದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಮೊದಲು ಅಪರೂಪವೆಂಬ ಮಾತಿನ ಅರ್ಥವನ್ನು ತಿಳಿಯಬೇಕು. ಯೂರೋಪಿನ ವೈದ್ಯರು ಒಂದು ವರುಷದಲ್ಲಿ ಲಕ್ಷ ಜನರೊಳಗೆ 6 ಮಂದಿಗಿಂತ ಕಡಿಮೆ ಜನರಿಗೆ ಬರುವ ಕ್ಯಾನ್ಸರನ್ನು ಅಪರೂಪದ್ದೆಂದು ಎಣಿಸುತ್ತಾರೆ. ಆದರೆ ಇಂಥ ಜಾತಿಗಳು ಬಹಳವಾಗಿರುವದರಿಂದ ಎಲ್ಲವನ್ನೂ ಕೂಡಿಸಿದರೆ ಅಲ್ಲಿಯ ಕ್ಯಾನ್ಸರ್ ರೋಗಿಗಳಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚಾಗುತ್ತದೆ. ಆದಕಾರಣ “ನನಗೊಬ್ಬನಿಗೇ ಹೀಗೇಕಾಯಿತು?” ಎಂದು ಅಳುವವನು ತಿಳಿಯತಕ್ಕದ್ದೇನಂದರೆ, ಅವನ ಗಡ್ಡೆಯ ಹೆಸರು ಒಂಟಿಯಾಗಿದ್ದರೂ ಅವನು ಒಂಟಿಯಲ್ಲ. ಇದನ್ನು ಶಾಪವೆಂದೂ ಗುಪ್ತವಾದ ಪಾಪದ ಶಿಕ್ಷೆಯೆಂದೂ ಹೇಳುವವರು ರೋಗಿಯ ಭಾರದ ಮೇಲೆ ಇನ್ನೊಂದು ಕಲ್ಲನ್ನು ಹೊರಿಸುವವರಾಗಿದ್ದಾರೆ.

ಎರಡನೆಯದು, ಹೆಸರಿನ ವಿಷಯ. ಅಪರೂಪದ ಗಡ್ಡೆಯಲ್ಲಿ ಸರಿಯಾದ ಹೆಸರು ಸಿಕ್ಕುವದೇ ಅರ್ಧ ಔಷಧ. ತೊಡೆಯಲ್ಲಾಗಲಿ ತೋಳಿನಲ್ಲಾಗಲಿ ಆಳದಲ್ಲಿದ್ದು, ನೋವಿಲ್ಲದೆ ದಿನೇದಿನೇ ಬೆಳೆದು, ಐದು ಸೆಂಟಿಮೀಟರನ್ನು ಮೀರಿದ ಗಂಟನ್ನು ಕೊಬ್ಬಿನ ಗಂಟೆಂದು ಭಾವಿಸಿ ಆತುರದಿಂದ ಕೊಯ್ಯಿಸಬಾರದು. ಅದು ಸಾರ್ಕೋಮಾ ಎಂಬ ಅಪರೂಪದ ಗಡ್ಡೆಯಾಗಿದ್ದರೆ, ಆಲೋಚಿಸದೆ ಹಾಕಿದ ಕತ್ತರಿಯು ಮುಂದಿನ ಶಸ್ತ್ರಕ್ರಿಯೆಯನ್ನು ಕಷ್ಟಪಡಿಸುವದು. ಮೊದಲು ಚಿತ್ರ ತೆಗೆಯಿಸಿ, ಮುಂದೆ ಶಸ್ತ್ರಕ್ರಿಯೆ ಮಾಡುವ ವೈದ್ಯನ ಆಲೋಚನೆಯಂತೆ ಸೂಜಿಯಿಂದ ಬಯಾಪ್ಸಿ ಮಾಡಿಸುವದೇ ಕ್ರಮ. ಬಯಾಪ್ಸಿಯ ತುಣುಕನ್ನು ಮೇಣದ ಕಟ್ಟಿಯಲ್ಲಿಯೂ ಗಾಜಿನ ಪಟ್ಟಿಗಳಲ್ಲಿಯೂ ಇಟ್ಟಿರುತ್ತಾರೆ. ಅವುಗಳನ್ನು ಕೇಳಿಕೊಂಡು ಹೋಗಿ ದೊಡ್ಡ ಆಸ್ಪತ್ರೆಯಲ್ಲಿ ಎರಡನೆಯ ಸಾರಿ ಓದಿಸಬಹುದು. ಇದರಿಂದ ಮೊದಲನೆಯ ವೈದ್ಯನಿಗೆ ಅವಮಾನವಾಗುವದೆಂದು ಹೆದರಬೇಡಿರಿ. ಒಳ್ಳೆಯ ವೈದ್ಯನು ತಾನೇ ಹಾಗೆ ಮಾಡಿರೆಂದು ಹೇಳುವನು.

ಹೆಸರಿನಿಂದ ಏನಾಗುವದೆಂಬದಕ್ಕೆ ಒಂದು ದೃಷ್ಟಾಂತ. ಜಠರದ ಮತ್ತು ಕರುಳಿನ ಗೋಡೆಯಲ್ಲಿ ಹುಟ್ಟುವ ಜಿಸ್ಟ್ ಎಂಬ ಗಡ್ಡೆಯೊಂದುಂಟು. ಅದು ಹರಡಿದ ಮೇಲೆ ಆ ಕಾಲದ ಔಷಧಗಳಲ್ಲಿ ಯಾವದೂ ಅದಕ್ಕೆ ಹೆಚ್ಚಾಗಿ ತಗಲುತ್ತಿರಲಿಲ್ಲ. 2000ನೆಯ ಇಸವಿಯಲ್ಲಿ ಫಿನ್ಲೆಂಡ್ ದೇಶದ ಒಬ್ಬ ಸ್ತ್ರೀಗೆ, ರಕ್ತದ ಒಂದು ಕ್ಯಾನ್ಸರಿಗಾಗಿ ಕಂಡುಹಿಡಿಯಲ್ಪಟ್ಟಿದ್ದ ಇಮಾಟಿನಿಬ್ ಎಂಬ ಮಾತ್ರೆಯನ್ನು ಕೊಟ್ಟು ನೋಡಿದಾಗ ಗಡ್ಡೆಗಳು ಕುಗ್ಗಿದವು. 2013ನೆಯ ಏಪ್ರಿಲ್ 1ರಂದು ನಮ್ಮ ದೇಶದ ಸುಪ್ರೀಂ ಕೋರ್ಟು ಆ ಮಾತ್ರೆಯ ಮೇಲೆ ಒಂದೇ ಕಂಪನಿಗೆ ಪೇಟೆಂಟ್ ಹಕ್ಕನ್ನು ಕೊಡಲು ಒಪ್ಪದೆ ಹೋದದ್ದರಿಂದ, ಇಲ್ಲಿಯ ಕಂಪನಿಗಳು ಅದನ್ನು ಕಡಿಮೆ ಬೆಲೆಗೆ ಮಾಡುವದು ನಿಲ್ಲಲಿಲ್ಲ. ಅಪರೂಪವೆಂದ ಮಾತ್ರಕ್ಕೆ ಔಷಧವಿಲ್ಲವೆಂದು ಅರ್ಥವಲ್ಲ. ಆದರೆ ಹೆಸರು ತಪ್ಪಿದರೆ ಇರುವ ಔಷಧವೂ ಇಲ್ಲದಂತೆಯೇ.

ಮೂರನೆಯದು, “ಎಷ್ಟು ದಿನ?” ಎಂಬ ಪ್ರಶ್ನೆ. ಅಮೇರಿಕದ ವಿಜ್ಞಾನಿಯಾದ ಸ್ಟೀಫನ್ ಜೇ ಗೂಲ್ಡ್ ಎಂಬವರಿಗೆ 1982ರಲ್ಲಿ ಹೊಟ್ಟೆಯ ಒಳಪೊರೆಯ ಒಂದು ಅಪರೂಪದ ಕ್ಯಾನ್ಸರ್ ಇರುವದಾಗಿ ತಿಳಿದುಬಂತು. ಅವರು ಪುಸ್ತಕಗಳಲ್ಲಿ ಹುಡುಕಿದಾಗ ಈ ರೋಗಿಗಳ ಆಯುಸ್ಸಿನ ನಡುವಣ ಲೆಕ್ಕವು ಎಂಟು ತಿಂಗಳೆಂದು ಬರೆದಿತ್ತು. ಆದರೂ ಅವರು ಇನ್ನೂ 20 ವರುಷ ಬದುಕಿ, 2002ರಲ್ಲಿ ಬೇರೊಂದು ಕ್ಯಾನ್ಸರಿನಿಂದ ತೀರಿಹೋದರು. ಇದು ಹೇಗೆ? ಹದಿನೈದು ಮಂದಿಯನ್ನು ಸಾಲಾಗಿ ನಿಲ್ಲಿಸಿದರೆ ಎಂಟನೆಯವನು ನಡುವಣವನು. ಅವನ ಆಚೆಗೆ ನಿಂತವರು ಒಂದು ಮಾರು ದೂರದಲ್ಲಿದ್ದಾರೋ ಒಂದು ಹರದಾರಿ ದೂರದಲ್ಲಿದ್ದಾರೋ ಎಂಬದನ್ನು ನಡುವಣವನ ಸ್ಥಳವು ತಿಳಿಸಲಾರದು. ಹಾಗೆಯೇ ನಡುವಣ ಲೆಕ್ಕವು ಯಾವ ಒಬ್ಬ ಮನುಷ್ಯನಿಗೂ ಇಟ್ಟ ಗಡುವಲ್ಲ.

ಆದರೆ ಇಲ್ಲಿ ಎಚ್ಚರಿಕೆ ಬೇಕು. ಆ ಸಾಲಿನಲ್ಲಿ ಈಚೆಗೆ ನಿಂತ ಏಳು ಮಂದಿಯೂ ಇದ್ದಾರಲ್ಲಾ. ನಾವು ಯಾವ ಕಡೆಯವರೆಂದು ಮೊದಲೇ ತಿಳಿಯುವಂತಿಲ್ಲ. ಆದದರಿಂದ ಬುದ್ಧಿವಂತನು ಎರಡಕ್ಕೂ ಸಿದ್ಧನಾಗಬೇಕು. ಹೆಚ್ಚು ಕಾಲ ಬದುಕುವೆನೆಂದು ಚಿಕಿತ್ಸೆಯನ್ನು ಪೂರೈಸಬೇಕು. ಕಡಿಮೆಯಾದರೂ ಆಗಬಹುದೆಂದು ಮನೆಯ ಸಾಲ, ಜಮೀನಿನ ಪತ್ರ, ಮಕ್ಕಳ ವಿಷಯ ಇವುಗಳನ್ನು ಸರಿಪಡಿಸಿಡಬೇಕು. ಮಳೆಗಾಲಕ್ಕೆ ಮುಂಚೆ ಅಡಕೆಗೆ ಬೋರ್ಡೋ ದ್ರಾವಣ ಹೊಡೆಯುವವನು ಕೊಳೆರೋಗವನ್ನು ಕರೆಯುತ್ತಾನೋ? ಇಲ್ಲ. ಹಾಗಾದರೆ ಸಿದ್ಧಮಾಡಿಕೊಳ್ಳುವವನನ್ನು ಅಪನಂಬಿಕೆಯವನೆಂದು ಜರೆಯುವದು ಹೇಗೆ?

ನಮ್ಮ ಸೀಮೆಯಲ್ಲಿಯೇ ಇದನ್ನು ತೋರಿಸುವ ಒಂದು ಸ್ಥಳವುಂಟು. ಸಾಗರ ತಾಲ್ಲೂಕಿನ ಆನಂದಪುರದ ಹತ್ತಿರದ ನರಸೀಪುರದಲ್ಲಿ ವೈದ್ಯ ನಾರಾಯಣಮೂರ್ತಿಗಳು 2020ರಲ್ಲಿ ತೀರಿಹೋಗುವ ತನಕ ಗುರುವಾರ ಮತ್ತು ಭಾನುವಾರಗಳಲ್ಲಿ ಮರದ ಚಕ್ಕೆಯ ಔಷಧವನ್ನು ಕೊಡುತ್ತಿದ್ದರು. ಕ್ಯಾನ್ಸರ್ ರೋಗಿಗಳ ಮನೆಯವರು ಉತ್ತರ ಹಿಂದೂಸ್ಥಾನದಿಂದಲೂ ಬಂದು ಸಾಲಾಗಿ ನಿಲ್ಲುತ್ತಿದ್ದರು. ಅಷ್ಟು ಜನರು ಅಷ್ಟು ದೂರ ಬಂದದ್ದು ಯಾಕೆ? ಚಕ್ಕೆಗಾಗಿ ಮಾತ್ರವಲ್ಲವೆಂದು ನನಗೆ ತೋರುತ್ತದೆ. “ಈ ದಿನ ಬಾ, ಇದನ್ನು ಹೀಗೆ ಕುದಿಸು, ಇಷ್ಟು ದಿನ ಕುಡಿ” ಎಂದು ಹೇಳುವವರೊಬ್ಬರು ಅಲ್ಲಿ ಸಿಕ್ಕುತ್ತಿದ್ದರು. ದಿಕ್ಕು ತೋಚದವನಿಗೆ ಮುಂದಿನ ಹೆಜ್ಜೆ ಯಾವದೆಂದು ತಿಳಿಯುವದೇ ದೊಡ್ಡ ಆದರಣೆ. ನಿರೀಕ್ಷೆಯೆಂದರೆ ಅದೇ. ಅಂದ ಮೇಲೆ ಮುಂದಾಲೋಚನೆಯು ನಿರೀಕ್ಷೆಗೆ ವೈರಿಯಲ್ಲ. ನಿರೀಕ್ಷೆಯು ನಡೆಯುವ ಕಾಲುಗಳು ಅದೇ.

ಆದರೂ ಕ್ಯಾನ್ಸರಿಗೆ ಚಕ್ಕೆ ಬೇರುಗಳನ್ನು ತೆಗೆದುಕೊಳ್ಳುವವರು ಎರಡು ಸಂಗತಿಗಳನ್ನು ಮರೆಯಬಾರದು. ಆಸ್ಪತ್ರೆಯ ಚಿಕಿತ್ಸೆಯನ್ನು ಅದಕ್ಕಾಗಿ ನಿಲ್ಲಿಸಬಾರದು. ಯಾಕಂದರೆ ಮೊದಲಲ್ಲಿ ಕೊಯ್ದು ತೆಗೆಯಬಹುದಾದ ಗಡ್ಡೆಯು ಆರು ತಿಂಗಳಾದ ಮೇಲೆ ಹಾಗಿರಲಾರದು. ಮತ್ತು ಏನನ್ನು ಸೇವಿಸುತ್ತೇವೋ ಅದನ್ನು ಆಸ್ಪತ್ರೆಯ ವೈದ್ಯನಿಗೆ ಮರೆಮಾಡಬಾರದು. ಯಾಕಂದರೆ ಕಷಾಯವೂ ಮಾತ್ರೆಯೂ ಒಂದೇ ಯಕೃತ್ತಿನ ಮೂಲಕ ಹೋಗುವವುಗಳಾಗಿ ಒಂದು ಇನ್ನೊಂದನ್ನು ಕೆಡಿಸಬಹುದು.

ನಾಲ್ಕನೆಯದು, ರೋಗಿಗೆ ನಿಜವನ್ನು ಹೇಳಬೇಕೋ ಎಂಬ ಪ್ರಶ್ನೆ. “ಅಪ್ಪನಿಗೆ ಹೇಳಬೇಡಿರಿ, ಎದೆಯೊಡೆದು ಹೋಗುವನು” ಎಂದು ಮಕ್ಕಳು ವೈದ್ಯನ ಕೈಹಿಡಿಯುವದುಂಟು. ಇದು ಪ್ರೀತಿಯಿಂದ ಬಂದ ಮಾತೆಂಬದು ನಿಜ. ಆದರೂ ಅಪ್ಪನು ಮನೆಯವರ ಮುಖಗಳನ್ನು ನೋಡಿ ಬೇಗನೆ ಊಹಿಸಿಕೊಳ್ಳುತ್ತಾನೆ. ಆಮೇಲೆ ಅವನೂ ತಿಳಿಯದವನಂತೆ ನಟಿಸುತ್ತಾನೆ. ಹೀಗೆ ಒಂದೇ ಸೂರಿನ ಕೆಳಗೆ ಎಲ್ಲರೂ ಒಬ್ಬೊಬ್ಬರಾಗಿ ಅಳುತ್ತಾರೆ. ಅವನು ಯಾರೊಂದಿಗೆ ಸಮಾಧಾನವಾಗಬೇಕೆಂದಿದ್ದನೋ, ಯಾವ ಮಾತನ್ನು ಹೆಂಡತಿಗೆ ಹೇಳಬೇಕೆಂದಿದ್ದನೋ, ಅದಕ್ಕೆ ಸಮಯವು ತಪ್ಪಿಹೋಗುತ್ತದೆ. ಹಾಗೆಂದು ಕೇಳದವನ ಮೇಲೆ ಎಲ್ಲವನ್ನೂ ಒಮ್ಮೆಲೇ ಸುರಿಯುವದೂ ಕ್ರೂರತನವೇ. “ಅಪ್ಪಾ, ಕಾಗದದಲ್ಲಿ ಇರುವದನ್ನು ಹೇಳಲೋ? ಎಷ್ಟು ಹೇಳಲಿ?” ಎಂದು ಕೇಳಿ, ಅವನು ಬೇಡಿದಷ್ಟನ್ನು ಬೇಡಿದಾಗ ಹೇಳುವದೇ ಸತ್ಯವೂ ಪ್ರೀತಿಯೂ ಕೂಡಿದ ಮಾರ್ಗ.

ಐದನೆಯದು, ಹಣದ ವಿಷಯ. ರೋಗಿಯು, “ನನಗಾಗಿ ತೋಟ ಮಾರಬೇಡಿರಿ” ಅನ್ನುತ್ತಾನೆ, ಮಗನು, “ಮಾರದಿದ್ದರೆ ಲೋಕ ಏನಂದೀತು?” ಅನ್ನುತ್ತಾನೆ. ಇಬ್ಬರೂ ನಿರ್ಣಯ ಮಾಡುವದಕ್ಕೆ ಮುಂಚೆ ವೈದ್ಯನನ್ನು ಒಂದು ಪ್ರಶ್ನೆ ಕೇಳಲಿ: “ಈ ಚಿಕಿತ್ಸೆಯ ಗುರಿ ಏನು? ಗುಣಪಡಿಸುವದೋ, ತಡೆದಿಡುವದೋ, ನೋವನ್ನು ಶಮನಮಾಡುವದೋ?” ಗುಣವಾಗುವ ರೋಗಕ್ಕೆ ಹಣದ ಮೇಲಿನ ಆಶೆಯಿಂದ ಹಿಂಜರಿಯುವದು ತಪ್ಪು, ಗುಣವಾಗದೆಂದು ವೈದ್ಯರೇ ಹೇಳಿದ ಮೇಲೆ ಲೋಕದ ಬಾಯಿಗೆ ಹೆದರಿ ಮೊಮ್ಮಕ್ಕಳ ಅನ್ನವನ್ನು ಮಾರುವದೂ ತಪ್ಪು. 2018ರಲ್ಲಿ ಪ್ರಾರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಪಡಿತರ ಚೀಟಿಯ ಕುಟುಂಬಕ್ಕೆ ವರುಷಕ್ಕೆ 5 ಲಕ್ಷ ರೂಪಾಯಿಗಳ ವರೆಗೆ ಚಿಕಿತ್ಸೆಯುಂಟು. ಹೊರಡುವ ಮೊದಲು ಚೀಟಿಯಲ್ಲಿ ಹೆಸರು ಸರಿಯಾಗಿದೆಯೋ ನೋಡಿರಿ. ಸರಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕೋ ವಿಚಾರಿಸಿರಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಕೇಳಿಕೊಂಡು, ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಗಾಗಲಿ ಘಟ್ಟದ ಕೆಳಗಿನ ಮಣಿಪಾಲಕ್ಕಾಗಲಿ ಹೋಗಬಹುದು. ಕಿರಣಚಿಕಿತ್ಸೆಯಾದರೆ ವಾರಕ್ಕೆ ಐದು ದಿನದಂತೆ ಐದಾರು ವಾರ ನಡೆಯುವದುಂಟು. ಆಗುಂಬೆ, ಹುಲಿಕಲ್ ಘಾಟಿಗಳನ್ನು ಮಳೆಗಾಲದಲ್ಲಿ ದಿನವೂ ಹತ್ತಿಳಿಯಲಾಗದು. ಆದಕಾರಣ ಇಳಿದುಕೊಳ್ಳುವ ಸ್ಥಳವನ್ನು ಮೊದಲೇ ಗೊತ್ತುಮಾಡಿಕೊಳ್ಳಿರಿ.

ಆರನೆಯದು, ಗುಣವಾಗದ ರೋಗದ ವಿಷಯ. “ಇನ್ನು ಮಾಡುವದೇನೂ ಇಲ್ಲ” ಎಂಬ ಮಾತು ಎಂದಿಗೂ ನಿಜವಲ್ಲ. ನೋವನ್ನು ಅಡಗಿಸುವ ಮಾರ್ಫಿನ್ ಮಾತ್ರೆಯುಂಟು. ವೈದ್ಯನ ಅಳತೆಯಂತೆ ತೆಗೆದುಕೊಂಡರೆ ಅದಕ್ಕೆ ಅಂಜಬೇಕಾಗಿಲ್ಲ. ಬೆಂಗಳೂರಿನ ಕರುಣಾಶ್ರಯವು ಇಂಥವರನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತದೆ. ಕಡೆಯ ದಿನಗಳಲ್ಲಿ ಯಾವ ಯಂತ್ರಗಳು ಬೇಕು, ಯಾವವು ಬೇಡ ಎಂಬದನ್ನು ಸ್ವಸ್ಥಬುದ್ಧಿ ಇರುವಾಗಲೇ ಬರೆದಿಡಬಹುದೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಮಾನಿಸಿ, 2023ರಲ್ಲಿ ಅದರ ಕ್ರಮವನ್ನು ಸುಲಭಮಾಡಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿಮಾಡಿ, ನೋಟರಿಯಿಂದಾಗಲಿ ಗೆಜೆಟೆಡ್ ಅಧಿಕಾರಿಯಿಂದಾಗಲಿ ದೃಢಪಡಿಸಿದರೆ ಸಾಕು. ಅದು ಮಕ್ಕಳ ಮೇಲಿನಿಂದ ಒಂದು ಘೋರವಾದ ಭಾರವನ್ನು ಇಳಿಸುವದು.

ಕಡೆಯದಾಗಿ ಸಭೆಯವರಿಗೂ ನೆರೆಹೊರೆಯವರಿಗೂ ಒಂದು ಮಾತು. ರೋಗಿಯನ್ನು ನೋಡಲು ಬಂದು, ಅದೇ ಬೇನೆಯಿಂದ ಸತ್ತವರ ಕಥೆ ಹೇಳಿ, ಕಾಫಿ ಕುಡಿದು ಹೋಗುವದು ಸಹಾಯವಲ್ಲ. ರೋಗಿಯ ಹೆಂಡತಿಯು ಕೊಟ್ಟಿಗೆ, ಅಡಿಗೆ, ಆಸ್ಪತ್ರೆ ಈ ಮೂರರ ನಡುವೆ ತಾನೇ ರೋಗಿಯಾಗುತ್ತಾಳೆಂಬದನ್ನು ನೋಡಿರಿ. ನಮ್ಮ ಮಲೆನಾಡಿನಲ್ಲಿ ಮುಯ್ಯಾಳಿನ ಪದ್ಧತಿ ಹಳೆಯದು: ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅದನ್ನು ಬೇನೆಯ ಮನೆಗೂ ಸಲ್ಲಿಸಿರಿ. ಅಡಕೆ ಸುಲಿಯಲು ಇಬ್ಬರು, ಹಾಲು ಕರೆಯಲು ಒಬ್ಬಳು, ಆಸ್ಪತ್ರೆಯಲ್ಲಿ ರಾತ್ರಿ ಕೂತುಕೊಳ್ಳಲು ಸರದಿಯಂತೆ ಒಬ್ಬನು, ಕೂಲಿಯ ದಿನ ತಪ್ಪಿದವನಿಗೆ ಒಂದು ಸೇರು ಅಕ್ಕಿ, ಎಂದು ಹಂಚಿಕೊಳ್ಳಿರಿ. ಕಾಗದಗಳನ್ನೆಲ್ಲಾ ತಾರೀಖಿನಂತೆ ಒಂದು ಚೀಲದಲ್ಲಿ ಇಡಬಲ್ಲ ಓದುಬರಹದ ಹುಡುಗಿಯೊಬ್ಬಳು ಸಿಕ್ಕಿದರೆ ಆ ಮನೆಗೆ ಅದೇ ದೊಡ್ಡ ಉಪಕಾರ.

ಆದದರಿಂದ ವಾಚಕರೇ, ಕೇಡನ್ನು ಎಣಿಸುವವನು ನಂಬಿಕೆಗೆಟ್ಟವನೆಂಬ ಮಾತನ್ನು ಬಿಟ್ಟುಬಿಡೋಣ. ನಾಳೆಯು ನಮ್ಮ ಕೈಯಲ್ಲಿ ಇಲ್ಲವೆಂದು ಬಲ್ಲವನೇ ಇಂದಿನ ಕೆಲಸವನ್ನು ಇಂದು ಮಾಡುವನು. ಗಡ್ಡೆಯನ್ನು ಗೆಲ್ಲುವದು ಯಾವಾಗಲೂ ನಮ್ಮ ವಶದಲ್ಲಿಲ್ಲ. ಬೇನೆಬಿದ್ದವನನ್ನು ಒಂಟಿಯಾಗಿ ಬಿಡದಿರುವದಾದರೋ ಪ್ರತಿಯೊಂದು ಹಳ್ಳಿಯ ವಶದಲ್ಲಿದೆ.